ಯೋಧರಿಗೆ ಬಾಗಿಲು ತೆರೆಯಿರಿ, ಬೀಗದ ಕೈ ಊರಲ್ಲೇ ಇರಲಿ

ಪ್ರತಿ ವರ್ಷ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಒಂದು ಬೆಳ್ಳಿ ಕಪ್‌ಗೋಸ್ಕರ ರಗ್ಬಿ ಆಡುತ್ತವೆ. ಆ ಕಪ್ಪಿನ ಹಿಡಿಕೆ ನೋಡಿ, ಮೂರೂ ನಾಗರಹಾವು. ಮುಚ್ಚಳದ ಮೇಲೆ ನೋಡಿ, ಆನೆ. ಹೆಸರು ಏನು ಗೊತ್ತಾ? ಕಲ್ಕತ್ತಾ ಕಪ್. ಅಪ್ಪಟ ಭಾರತದ ಬೆಳ್ಳಿ. ಅದು ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋದರಲ್ಲಿ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹುಡುಗರಿಗೆ ಒಂದು ಪಾಠ ಇದೆ. ಅದಕ್ಕೇ ಇವತ್ತು ಈ ವಿಷಯ.

1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿದ್ದ ಬ್ರಿಟಿಷರು ಎರಡು ಪಾಳಿ ಮಾಡಿಕೊಂಡು ರಗ್ಬಿ ಆಡಿದರು. ಒಂದೊಂದು ಕಡೆ 20 ಜನ. ಮರು ತಿಂಗಳು, ಅಂದರೆ 1873ರ ಜನವರಿಯಲ್ಲಿ, ಒಂದು ಕ್ಲಬ್ಬನ್ನೇ ಕಟ್ಟಿಬಿಟ್ಟರು. ಆಡೋರಿಗೆ ಬರವಿರಲಿಲ್ಲ, ಊರಲ್ಲೇ ಸೇನೆಯ ರೆಜಿಮೆಂಟ್ ಇತ್ತು. ಆದರೆ ನಾಲ್ಕೈದು ವರ್ಷದಲ್ಲಿ ಕಥೆ ಮುಗಿಯಿತು. ರೆಜಿಮೆಂಟಿಗೆ ವರ್ಗವಾಯಿತು. ಕ್ಲಬ್ಬಿನ ಬಾರಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಪಾನೀಯವೂ ನಿಂತಿತು. ಉಳಿದವರು ಪೋಲೋ, ಟೆನಿಸ್ ಅಂತ ಹೊರಟರು. ಬ್ಯಾಂಕಿನಲ್ಲಿ ಉಳಿದದ್ದು 270 ಬೆಳ್ಳಿ ರೂಪಾಯಿ. ಅದನ್ನೇ ಕರಗಿಸಿ ಕಪ್ ಮಾಡಿಸಿ, 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್‌ಗೆ ಕೊಟ್ಟು ಕ್ಲಬ್ಬಿಗೆ ಬೀಗ ಹಾಕಿದರು. ಮರು ವರ್ಷ, 1879ರಲ್ಲಿ, ಆ ಕಪ್‌ಗಾಗಿ ಮೊದಲ ಪಂದ್ಯ ನಡೆಯಿತು.

ಕಪ್ ಇವತ್ತಿಗೂ ಉಳಿದಿದೆ. ಕ್ಲಬ್ ಉಳಿಯಲಿಲ್ಲ. ಯಾಕೆ? ಆ ಮೈದಾನದಲ್ಲಿ ಕಲ್ಕತ್ತಾದ ಹುಡುಗರೇ ಇರಲಿಲ್ಲ. ಬಂದ ಸೈನಿಕರು ಆಡಿದರು, ಹೋದ ಸೈನಿಕರ ಜೊತೆ ಆಟವೂ ಹೋಯಿತು.

ಈಗ ಇದರ ಪಕ್ಕದಲ್ಲಿ ನಮ್ಮದೇ ಬೆಂಗಳೂರಿನ ಕಥೆ ಇಟ್ಟು ನೋಡಿ. ಇಲ್ಲಿಯೂ ದಂಡು ಇತ್ತು, ಬ್ರಿಟಿಷ್ ಸೈನಿಕರಿದ್ದರು. ಅವರು ತಂದ ಆಟ ಫುಟ್‌ಬಾಲ್. ಆದರೆ ದಂಡಿನ ಸುತ್ತಮುತ್ತಲ ಗಲ್ಲಿಯ ಹುಡುಗರು ಆ ಆಟವನ್ನು ನೋಡಿ ಸುಮ್ಮನಿರಲಿಲ್ಲ, ತಾವೇ ಆಡಿದರು, ಕ್ಲಬ್ ಕಟ್ಟಿದರು. ಮುಂಬಯಿಯ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು? ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಅದೇ ತಂಡ. ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ಕಳೆದಿದೆ. ಗೌತಮಪುರದಲ್ಲಿ, ಆಸ್ಟಿನ್ ಟೌನ್‌ನಲ್ಲಿ ಫುಟ್‌ಬಾಲ್ ನಿಂತಿದೆಯಾ? ಇಲ್ಲ. ಎಂ.ಇ.ಜಿ., ಎ.ಎಸ್.ಸಿ.ಯಂಥ ನಮ್ಮ ಸೇನಾ ತಂಡಗಳು ಬೆಂಗಳೂರಿನ ಲೀಗ್‌ನಲ್ಲಿ ಊರಿನ ಕ್ಲಬ್ಬುಗಳ ಎದುರು ಆಡುತ್ತಾ ಬಂದಿವೆ.

ಎರಡೂ ಕಡೆ ಸೈನಿಕರಿದ್ದರು. ಒಂದು ಕಡೆ ಆಟ ಸತ್ತಿತು, ಇನ್ನೊಂದು ಕಡೆ ಬದುಕಿತು. ವ್ಯತ್ಯಾಸ ಇಷ್ಟೇ, ಬೆಂಗಳೂರಿನಲ್ಲಿ ಊರಿನವರು ಆಟವನ್ನು ತಮ್ಮದು ಮಾಡಿಕೊಂಡರು. ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಪ್ರಶ್ನೆ. ರಗ್ಬಿ ಯಾಕೆ? ಅದೂ ಈ ನಾಲ್ಕು ತಾಲ್ಲೂಕಿಗೆ ಯಾಕೆ? ಕಬಡ್ಡಿ ಇದೆ, ಕ್ರಿಕೆಟ್ ಇದೆ, ವಾಲಿಬಾಲ್ ಇದೆ, ಸಾಲದಾ ಅಂತೀರಾ? ಕಬಡ್ಡಿ ಇದೆ ಅನ್ನೋದೇ ನನ್ನ ಮೊದಲ ಉತ್ತರ. ರಗ್ಬಿ ಅಂದರೆ ಏನು? ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಒತ್ತಬೇಕು. ಒತ್ತಿದರೆ ಅದಕ್ಕೆ ಟ್ರೈ ಅಂತಾರೆ, 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2 ಅಂಕ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ಕೆಡವಬಹುದು. ಹೇಳಿ, ರೈಡರ್‌ನ ಕಾಲಿಗೆ ಬಿದ್ದು ಹಿಡಿಯೋ ನಮ್ಮ ಹಳ್ಳಿ ಹುಡುಗನಿಗೆ ಇದು ಹೊಸದಾ? ಹೊನಲು ಬೆಳಕಿನ ಕಬಡ್ಡಿಯಲ್ಲಿ ತೊಡೆ ತಟ್ಟಿ ನಿಲ್ಲೋನಿಗೆ ಟ್ಯಾಕಲ್ ಅನ್ನೋ ಇಂಗ್ಲಿಷ್ ಪದ ಕಲಿಸಬೇಕಾಗಬಹುದು. ಧೈರ್ಯ ಕಲಿಸಬೇಕಾಗಿಲ್ಲ.

ಇನ್ನೊಂದು ಉತ್ತರ ಖರ್ಚು. ಕ್ರಿಕೆಟ್ ಕಿಟ್ ಒಂದರ ಬೆಲೆ ನಿಮಗೆ ಗೊತ್ತು. ರಗ್ಬಿಗೆ ಬೇಕಾದ್ದು ಒಂದೆರಡು ಚೆಂಡು, ಎರಡು ಬಣ್ಣದ ಜರ್ಸಿ, ಸ್ಟಡ್ ಇರುವ ಬೂಟು, ಹಲ್ಲಿಗೆ ಮೌತ್‌ಗಾರ್ಡ್, ಫುಟ್‌ಬಾಲ್ ಮೈದಾನದಷ್ಟು ಜಾಗ. ಮುಗೀತು.

ಸರಿ, ದೇಶದಲ್ಲಿ ಈ ಆಟಕ್ಕೆ ನೆಲೆ ಇದೆಯಾ? ಇದೆ. ರಾಷ್ಟ್ರೀಯ ಸಂಸ್ಥೆ ಶುರುವಾಗಿದ್ದು 1998ರಲ್ಲಿ, ಇವತ್ತು ಅದನ್ನು ರಗ್ಬಿ ಇಂಡಿಯಾ ಅಂತ ಕರೀತಾರೆ. 2007ರಲ್ಲಿ ಒಡಿಶಾದ ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನ ಆದಿವಾಸಿ ಹುಡುಗರು ಲಂಡನ್‌ಗೆ ಹೋಗಿ 14 ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ಟೂರ್ನಿ ಗೆದ್ದು ಬಂದರು. 2019ರಲ್ಲಿ ಭಾರತದ ಮಹಿಳಾ ತಂಡ ಸಿಂಗಾಪುರವನ್ನು 21-19ರಿಂದ ಸೋಲಿಸಿ ಮೊದಲ ಟೆಸ್ಟ್ ಗೆಲುವು ಕಂಡಿತು. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡ, ಅದರಲ್ಲಿ ಒಂದಕ್ಕೆ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ಹೆಸರು. ಟಿ.ವಿ.ಯಲ್ಲಿ ಬೆಂಗಳೂರಿನ ಹೆಸರು ಬಂತು. ಬೆಂಗಳೂರಿನಿಂದ 50 ಕಿಲೋಮೀಟರ್ ದೂರದ ರಾಮನಗರದ ಹುಡುಗ ಅಲ್ಲಿಗೆ ಹೋಗಬೇಕಾದರೆ ದಾರಿ ಎಲ್ಲಿದೆ? ಮುಂಬಯಿಯ ಲೀಗ್ ಏಣಿಯ ತುದಿಯ ಮೆಟ್ಟಿಲು. ಮೊದಲ ಮೆಟ್ಟಿಲು ತಾಲ್ಲೂಕಿನಲ್ಲಿರಬೇಕು.

ಈಗ ಸೈನಿಕರ ವಿಷಯಕ್ಕೆ ಬರ್ತೀನಿ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಆಗಿನ ನಿಯಮದಂತೆ ಹದಿನೇಳೂವರೆಯಿಂದ 21 ವರ್ಷದ ಹುಡುಗರು ಸೇರಬಹುದಿತ್ತು, ನಾಲ್ಕು ವರ್ಷ ಸೇವೆ, ಆಮೇಲೆ ಶೇಕಡ 25ರವರೆಗೆ ಮಾತ್ರ ಮುಂದುವರಿಕೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ತೆಗೆದುಕೊಂಡು ಊರಿಗೆ. ಯೋಜನೆ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ಲೆಕ್ಕ ಮಾತ್ರ ನೋಡಿ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷ 22, 23, 24 ವರ್ಷದ ತರಬೇತಾದ ಹುಡುಗರು ಹಳ್ಳಿಗಳಿಗೆ ವಾಪಸ್ ಬರುತ್ತಾರೆ.

ಬೆಳಗಿನ ಜಾವ ಐದು ಗಂಟೆಗೆ ರಸ್ತೆ ಬದಿ ಓಡೋ ಹುಡುಗರನ್ನು ನೀವು ನೋಡಿರ್ತೀರಿ. ಸೇನಾ ಭರ್ತಿ ರ್‍ಯಾಲಿಗೆ ತಯಾರಿ. 1600 ಮೀಟರ್ ಓಟ, ಕಂಬಿ ಹಿಡಿದು ಪುಲ್ ಅಪ್, 9 ಅಡಿ ಹಳ್ಳ ಜಿಗಿತ. ಆ ಹುಡುಗ ಆಯ್ಕೆಯಾದ ದಿನ ಊರಲ್ಲಿ ಹಾರ, ಪಟಾಕಿ. ನಾಲ್ಕು ವರ್ಷ ಕಳೆದು ಬಂದಾಗ? ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದು ಟ್ರಂಕ್ ಹೊತ್ತುಕೊಂಡು ಮನೆಗೆ ಹೋಗ್ತಾನೆ. ಬೆಳಗ್ಗೆ ಎದ್ದರೆ ಪಿ.ಟಿ. ಇಲ್ಲ, ರೋಲ್ ಕಾಲ್ ಇಲ್ಲ, ಜೊತೆಗಾರರಿಲ್ಲ. ಮುಂದೇನು ಅಂತ ಮನೆಯವರೂ ಕೇಳ್ತಾರೆ, ಊರವರೂ ಕೇಳ್ತಾರೆ. ಅಂಥವನಿಗೆ ವಾರಕ್ಕೆ ಮೂರು ದಿನ ಒಂದು ಮೈದಾನ, ಹನ್ನೆರಡು ಜನ ಜೊತೆಗಾರರು, ಮಾಡೋಕೆ ಒಂದು ಕೆಲಸ ಕೊಟ್ಟರೆ ಅದು ಸಣ್ಣ ವಿಷಯ ಅಲ್ಲ.

ಹಾಗಂತ ಎಲ್ಲ ಮಿಲಿಟರಿಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ತಾಲ್ಲೂಕಿನ ಕ್ಲಬ್ಬಿಗೆ ಸಿಗಬಹುದಾದವರು ನಾಲ್ಕು ಬಗೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕೆಲಸ.

ಮೊದಲನೆಯವರು ರಜೆಯಲ್ಲಿ ಬರುವ ಯೋಧರು. ಅಗ್ನಿವೀರನಿಗೆ ವರ್ಷಕ್ಕೆ ಸಿಗೋದು 30 ದಿನ ರಜೆ. ಅದರಲ್ಲಿ ಹಬ್ಬ, ಮದುವೆ, ಹೊಲದ ಕೆಲಸ, ಅಮ್ಮನ ಆಸ್ಪತ್ರೆ ಎಲ್ಲ ಆಗಬೇಕು. ಅವರನ್ನು ನಂಬಿ ಲೀಗ್ ತಂಡ ಮಾಡಬೇಡಿ. ಬಂದಾಗ ಅಭ್ಯಾಸಕ್ಕೆ ಕರೆಯಿರಿ, ಹುಡುಗರ ಜೊತೆ ಓಡಲಿ, ಆಡಲಿ. ಆದರೆ ಒಂದು ಎಚ್ಚರ. ಸೇವೆಯಲ್ಲಿರುವವರು ಪಂದ್ಯಕ್ಕೆ ಇಳಿಯೋ ಮೊದಲು ತಮ್ಮ ಯೂನಿಟ್‌ನ ಒಪ್ಪಿಗೆ ತಂದಿರಬೇಕು. ಮೈದಾನದಲ್ಲಿ ಕಾಲು ಮುರಿದರೆ ಉತ್ತರ ಹೇಳಬೇಕಾದವನು ಅವನೇ. ರಜೆ ಮುಗಿದು ಹೋದಾಗ ಮೇಲಧಿಕಾರಿ ಕೇಳ್ತಾರೆ. ಅವನ ನೌಕರಿಗೆ ನಮ್ಮ ಕ್ಲಬ್ಬು ಕುತ್ತು ತರಬಾರದು.

ಎರಡನೆಯವರು ಮಾಜಿ ಸೈನಿಕರು. ಹದಿನೈದು ಹದಿನೇಳು ವರ್ಷ ಸೇವೆ ಮಾಡಿ ನಿವೃತ್ತರಾಗಿ ಬಂದವರು, ವಯಸ್ಸು ನಲವತ್ತರ ಆಸುಪಾಸು. ಇವರು ಕ್ಲಬ್ಬಿನ ಬಂಗಾರ. ಇವರನ್ನು ಟ್ಯಾಕಲ್‌ಗೆ ಇಳಿಸಬೇಡಿ, ಸೀಟಿ ಕೊಡಿ. ರೆಫರಿ ಆಗಲಿ, ದೈಹಿಕ ತರಬೇತಿ ಕೊಡಲಿ. ಹೇಳಿದ ಹೊತ್ತಿಗೆ ಬರೋದು, ಬೂಟು ಒರೆಸಿ ಇಡೋದು, ಸೋತ ಮೇಲೆ ಎದುರಾಳಿಯ ಕೈ ಕುಲುಕೋದು, ಇಂಥವನ್ನು ಇವರಿಗಿಂತ ಚೆನ್ನಾಗಿ ಕಲಿಸೋರು ಯಾರಿದ್ದಾರೆ? ಇವರನ್ನು ಹುಡುಕೋಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಹಳ್ಳಿ ಹಳ್ಳಿಯಲ್ಲಿ ಅವರದೇ ಗೆಳೆಯರ ಬಳಗ ಇದೆ.

ಮೂರನೆಯವರು ನಾನು ಹೇಳಿದ ಅಗ್ನಿವೀರರು, ಸೇವೆ ಮುಗಿಸಿ ಬಂದವರು. ಇವರೇ ಆಟಗಾರರು. ನಾಲ್ಕನೆಯವರು ಬೆಂಗಳೂರಿನಲ್ಲಿರುವ ಸೇನಾ ಘಟಕಗಳು. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಎ.ಎಸ್.ಸಿ. ಕೇಂದ್ರ, ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಜಾಲಹಳ್ಳಿಯ ವಾಯುಪಡೆ, ಎಲ್ಲವೂ ಒಂದೆರಡು ಗಂಟೆಯ ದಾರಿ. ರಾಷ್ಟ್ರಮಟ್ಟದ ರಗ್ಬಿಯಲ್ಲಿ ಸೇನೆಯ ತಂಡಗಳು ಬಲಾಢ್ಯ. ವರ್ಷಕ್ಕೊಂದು ಸ್ನೇಹ ಪಂದ್ಯ, ಎರಡು ದಿನದ ಶಿಬಿರ ಬೇಕು ಅಂತ ಲಿಖಿತವಾಗಿ ಕೇಳಿ ನೋಡಿ. ಕೇಳೋದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹೆಣ್ಣು ಮಕ್ಕಳನ್ನು ಮರೆತೆ ಅಂದ್ಕೋಬೇಡಿ. 2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಬಿಹಾರದ ಬಾಢ್ ಎಂಬ ಸಣ್ಣ ಊರಿನ ಸ್ವೀಟಿ ಕುಮಾರಿ 2019ರಲ್ಲಿ ಮಹಿಳಾ ರಗ್ಬಿಯ ಅಂತರರಾಷ್ಟ್ರೀಯ ಯುವ ಆಟಗಾರ್ತಿ ಎನಿಸಿಕೊಂಡರು. ಕನಕಪುರದ ಹುಡುಗಿಗೆ ಇದು ಆಗಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಮೊದಲ ದಿನದಿಂದಲೇ ಹುಡುಗಿಯರಿಗೆ ಬೇರೆ ಅಭ್ಯಾಸದ ಹೊತ್ತು ಇರಲಿ, ಬಟ್ಟೆ ಬದಲಿಸೋಕೆ ಬಾಗಿಲಿರುವ ಕೋಣೆ ಇರಲಿ, ಜೊತೆಗೆ ಒಬ್ಬ ಹೆಂಗಸು ತರಬೇತುದಾರರು ಇರಲಿ. ಇಷ್ಟಿಲ್ಲದೆ ಮಗಳನ್ನು ಕಳಿಸಿ ಅಂತ ಯಾವ ಅಪ್ಪ ಅಮ್ಮನನ್ನೂ ಕೇಳಬೇಡಿ.

ಈಗ ಲೀಗ್ ಮಾಡೋದು ಹೇಗೆ? 15 ಜನರ ರಗ್ಬಿ 80 ನಿಮಿಷದ್ದು, ಅದಕ್ಕೆ ಈಗಲೇ ಕೈ ಹಾಕಬೇಡಿ. 2016ರಲ್ಲಿ ಒಲಿಂಪಿಕ್ಸ್ ಸೇರಿದ ಸೆವೆನ್ಸ್ ಇದೆಯಲ್ಲ, ಅದು ನಮಗೆ ಸರಿ. ಕಡೆಗೆ ಏಳು ಜನ. ಏಳು ನಿಮಿಷ ಆಟ, ಎರಡು ನಿಮಿಷ ವಿರಾಮ, ಮತ್ತೆ ಏಳು ನಿಮಿಷ. ಬದಲಿ ಆಟಗಾರರೂ ಸೇರಿ ತಂಡಕ್ಕೆ 12 ಜನ. ನಾಲ್ಕು ತಾಲ್ಲೂಕು, ನಾಲ್ಕು ತಂಡ, 48 ಆಟಗಾರರು. ಎಲ್ಲರೂ ಎಲ್ಲರ ಎದುರು ಆಡಿದರೆ ಆರು ಪಂದ್ಯ. ಒಂದು ಪಂದ್ಯಕ್ಕೆ ಅರ್ಧ ಗಂಟೆ ಇಟ್ಟುಕೊಂಡರೂ ಬೆಳಗ್ಗೆ ಏಳಕ್ಕೆ ಶುರುಮಾಡಿ ಹತ್ತಕ್ಕೆ ಮುಗಿಸಬಹುದು. ತಿಂಗಳಿಗೊಂದು ಭಾನುವಾರ, ಒಂದೊಂದು ತಿಂಗಳು ಒಂದೊಂದು ಊರಲ್ಲಿ. ನಾಲ್ಕು ತಿಂಗಳಲ್ಲಿ 24 ಪಂದ್ಯ. ಪ್ರತಿ ಊರೂ ಒಂದು ಸಲ ಆತಿಥ್ಯ ವಹಿಸಿದ ಹಾಗಾಯಿತು.

ರಾಮನಗರ, ಚನ್ನಪಟ್ಟಣಕ್ಕೆ ಮೈಸೂರು ರೈಲಿದೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. ತಂಡಕ್ಕೊಂದು ಟಿ.ಟಿ. ಮಾಡಿದರೆ ಹನ್ನೆರಡು ಹುಡುಗರು, ಕೋಚ್, ಚೆಂಡಿನ ಚೀಲ, ಐಸ್ ಡಬ್ಬ ಎಲ್ಲ ಹಿಡಿಸುತ್ತದೆ.

ಯಾವ ನಾಲ್ಕು ತಿಂಗಳು? ಇಲ್ಲೇ ಸ್ವಲ್ಪ ನೆಲ ನೋಡಬೇಕು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಬ್ಯಾರಿ ಕ್ಲೋಸ್ ಎಂಬ ಕಂಪನಿ ಸರ್ಕಾರದ ಸೇನಾಧಿಕಾರಿಯಿಂದ ಬಂದದ್ದು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ ಆಯಿತು. ಆದರೆ ಭೂವಿಜ್ಞಾನಿಗಳು ಇಲ್ಲಿಯ ಬಂಡೆಯನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೀತಾರೆ. ಶೋಲೆಯ ಗಬ್ಬರ್ ಸಿಂಗ್ ನಿಂತ ಬಂಡೆ ಅದೇ. ಆ ಬಂಡೆಯ ಮೇಲಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿ. ಕಬಡ್ಡಿಗೆ ಅಗೆದು ಮೆತ್ತಗೆ ಮಾಡಿದ ಸಣ್ಣ ಅಂಕಣ ಸಾಕು, ರಗ್ಬಿಗೆ 100 ಮೀಟರ್ ನೆಲ ಬೇಕು. ಅಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದರೆ ಭುಜ ಹೋಗುತ್ತೆ. ಮೇಲಾಗಿ ಆ ಹೊತ್ತಿಗೆ ಮಾವಿನ ಕೊಯ್ಲು, ಮನೆಯ ಹುಡುಗರೆಲ್ಲ ತೋಪಿನಲ್ಲಿ. ನವೆಂಬರ್, ಡಿಸೆಂಬರ್ ಬಂದರೆ ರಾಗಿ ಕೊಯ್ಲು. ಹಾಗಾಗಿ ಮಳೆ ಬಿದ್ದು ನೆಲ ಮೆತ್ತಗಾದ ಜುಲೈಯಿಂದ ಅಕ್ಟೋಬರ್ ಸರಿಯಾದ ಕಾಲ. ರಾಮನಗರದ ಚಾಮುಂಡೇಶ್ವರಿ ಕರಗದ ವಾರ ಬಿಟ್ಟುಬಿಡಿ. ರೇಷ್ಮೆ ಹುಳು ಸಾಕುವ ಮನೆಯ ಹುಡುಗ ಹುಳು ಹಣ್ಣಾಗುವ ವಾರ ಅಭ್ಯಾಸಕ್ಕೆ ಬರಲಿಲ್ಲ ಅಂತ ತಂಡದಿಂದ ತೆಗೆಯಬೇಡಿ. ಬಾಕಿ ಎಲ್ಲ ಊರಿನ ಕ್ಲಬ್ಬಿಗೂ ಪಟ್ಟಣದ ಕ್ಲಬ್ಬಿಗೂ ಒಂದೇ ನಿಯಮ ಇರಬಹುದು, ಕ್ಯಾಲೆಂಡರ್ ಮಾತ್ರ ನಮ್ಮದೇ ಆಗಬೇಕು.

ಕಾಗದ ಪತ್ರದ ಕೆಲಸ ಕಷ್ಟವಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಾಲ್ಕು ಕ್ಲಬ್ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆಯಿರಿ, ರಾಜ್ಯ ರಗ್ಬಿ ಸಂಸ್ಥೆಯ ಜೊತೆ ಮಾತಾಡಿ. ಮೈದಾನಕ್ಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ, ಇಲ್ಲವೇ ಸರ್ಕಾರಿ ಕಾಲೇಜಿಗೆ ಅರ್ಜಿ ಕೊಡಿ. ದುಡ್ಡಿಗೆ? 2013ರ ಕಂಪನಿ ಕಾಯ್ದೆಯಲ್ಲಿ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಗ್ರಾಮೀಣ ಕ್ರೀಡೆ, ಮಾನ್ಯತೆ ಪಡೆದ ಕ್ರೀಡೆಗಳ ತರಬೇತಿಗೆ ಖರ್ಚು ಮಾಡಬಹುದು ಅಂತ ಇದೆ. ಬಿಡದಿಯಲ್ಲಿ ಕೈಗಾರಿಕಾ ಪ್ರದೇಶವೇ ಇದೆಯಲ್ಲ, ಕೇಳಿ.

ಕೇಳಬಾರದವರ ಬಗ್ಗೆಯೂ ಒಂದು ಮಾತು. ಇದು ನಾಲ್ವರು ಮುಖ್ಯಮಂತ್ರಿಗಳನ್ನು ಗೆಲ್ಲಿಸಿ ಕಳಿಸಿದ ನೆಲ. ಇಲ್ಲಿ ಟೂರ್ನಿಗಳಿಗೆ ಕೊರತೆ ಇಲ್ಲ. ಒಂದು ರಾತ್ರಿ ಲೈಟು, ಮೈಕು, ನಾಯಕರ ಆಳೆತ್ತರದ ಫ್ಲೆಕ್ಸು, ಬಹುಮಾನ, ಬಿರಿಯಾನಿ. ಮರುದಿನ ಬೆಳಗ್ಗೆ ಮೈದಾನದಲ್ಲಿ ಉಳಿಯೋದು ನೀರಿನ ಬಾಟಲಿ, ಹರಿದ ಫ್ಲೆಕ್ಸು. ಆಟಗಾರರಿಗೆ ಮುಂದಿನ ಟೂರ್ನಿ ಯಾವಾಗ? ಮುಂದಿನ ಚುನಾವಣೆ ಬಂದಾಗ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರಾಯಿತು. ಹೆಸರು ಬದಲಾಯಿಸೋಕೆ ತೋರಿಸಿದ ಉತ್ಸಾಹದ ಕಾಲು ಭಾಗವನ್ನು ನಾಲ್ಕು ಮೈದಾನ ಸಮ ಮಾಡಿಸೋಕೆ ತೋರಿಸಿದ್ದರೆ ಸಾಕಿತ್ತು. ರಾಜಕಾರಣಿ ಬರಲಿ, ಪ್ರೇಕ್ಷಕರ ಜೊತೆ ಕೂತು ನೋಡಲಿ, ಚಪ್ಪಾಳೆ ಹೊಡೆಯಲಿ. ಕ್ಲಬ್ಬಿನ ಅಧ್ಯಕ್ಷರ ಕುರ್ಚಿ ಬೇಡ.

ಈಗ ಅಸಲಿ ತೊಡಕಿಗೆ ಬರೋಣ. ಹದಿನೆಂಟು ವರ್ಷದ ಕಾಲೇಜು ಹುಡುಗ ಒಂದು ಕಡೆ. ನಾಲ್ಕು ವರ್ಷ ಸೇನೆಯಲ್ಲಿ ಮೈ ಹುರಿಗಟ್ಟಿದ 23ರ ಯುವಕ ಇನ್ನೊಂದು ಕಡೆ. ಇಬ್ಬರನ್ನೂ ಎದುರುಬದುರು ಓಡಿಸಿದರೆ ಏನಾಗುತ್ತೆ? ಮೊದಲ ವಾರ ಏಟು, ಎರಡನೇ ವಾರ ಹೆದರಿಕೆ, ಮೂರನೇ ವಾರ ಹುಡುಗ ನಾಪತ್ತೆ. ಇನ್ನು ಯಾರೋ ಬುದ್ಧಿವಂತರು ಫೌಜಿಗಳದ್ದೇ ಒಂದು ತಂಡ ಮಾಡಿ ಲೀಗ್‌ಗೆ ಬಿಡೋಣ ಅಂತಾರೆ. ಮಾಡಿದರೆ ಅವರು ಎಲ್ಲರನ್ನೂ 50-0 ಅಂತ ಹೊಡೀತಾರೆ. ಗೆದ್ದವರಿಗೂ ಮಜಾ ಇಲ್ಲ, ಸೋತವರಿಗೂ ಇಲ್ಲ. ಅದಕ್ಕೇ ಸ್ವಾಗತ ಅಂದರೆ ಹಾರ ಹಾಕೋದಷ್ಟೇ ಅಲ್ಲ, ಸ್ವಾಗತಕ್ಕೂ ನಿಯಮ ಬೇಕು. ನನ್ನ ಪ್ರಕಾರ ನಾಲ್ಕು ಸಾಕು.

ಒಂದು, ಯೋಧ ತನ್ನ ಹುಟ್ಟೂರಿನ ತಾಲ್ಲೂಕಿಗೇ ಆಡಬೇಕು. ಮಾಗಡಿಯವನನ್ನು ಚನ್ನಪಟ್ಟಣದವರು ದುಡ್ಡು ಕೊಟ್ಟು ಎಳೆದುಕೊಳ್ಳುವಂತಿಲ್ಲ. ಮೈದಾನದಲ್ಲಿರುವ ಏಳು ಜನರಲ್ಲಿ ಒಂದು ಹೊತ್ತಿಗೆ ಸೇನೆಯಿಂದ ಬಂದವರು ಇಬ್ಬರು ಮಾತ್ರ. ಮೊದಲ ಎರಡು ವರ್ಷ ಈ ಮಿತಿ ಇರಲಿ, ಆಮೇಲೆ ಊರ ಹುಡುಗರು ಸಮಕ್ಕೆ ಬಂದರೆ ತೆಗೆಯಿರಿ.

ಎರಡು, ಆಡುವ ಪ್ರತಿ ಯೋಧ ಇಬ್ಬರು ಹುಡುಗರಿಗೆ ಕಲಿಸಬೇಕು. ಕೋಚ್ ಆಗಿ ಬಂದ ಮಾಜಿ ಸೈನಿಕರು ಒಬ್ಬ ಊರಿನ ಸಹಾಯಕನನ್ನು ಪಕ್ಕದಲ್ಲಿಟ್ಟುಕೊಂಡು ತಯಾರು ಮಾಡಬೇಕು. ಅವರಿಗೆ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿ ಹೊರಟರೂ ಅಭ್ಯಾಸ ನಿಲ್ಲಬಾರದು.

ಮೂರು, ಕಾರ್ಯದರ್ಶಿ, ಖಜಾಂಚಿ, ಚೆಕ್ಕಿಗೆ ಸಹಿ ಹಾಕೋರು ಊರಲ್ಲೇ ಇರುವವರಾಗಬೇಕು. ಪಿ.ಟಿ. ಮೇಷ್ಟ್ರು, ಅಂಗಡಿಯವರು, ಬೊಂಬೆ ಕೆತ್ತುವವರು, ಯಾರೂ ಆಗಬಹುದು. ವರ್ಗಾವಣೆ ಆಗದವರು ಆಗಬೇಕು, ಅಷ್ಟೇ.

ನಾಲ್ಕು, ಸೇವೆಯಲ್ಲಿರುವ ಯೋಧನ ಯೂನಿಟ್ ಯಾವುದು, ಪೋಸ್ಟಿಂಗ್ ಎಲ್ಲಿ, ರಜೆ ಯಾವತ್ತು ಮುಗಿಯುತ್ತೆ ಅನ್ನೋದನ್ನು ಫ್ಲೆಕ್ಸ್‌ನಲ್ಲಿ, ಫೇಸ್‌ಬುಕ್‌ನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಹಾಕಬಾರದು. ಅಭಿಮಾನದಿಂದ ಹಾಕಿದ ಫೋಟೊ ಯಾರ ಕೈಗೆ ಹೋಗುತ್ತೆ ಅಂತ ನಿಮಗೆ ಗೊತ್ತಿರಲ್ಲ.

ಇದಕ್ಕೆ ಹೊರಗಿನ ನಿದರ್ಶನ ಬೇಕಾ? ಫಿಜಿ ದ್ವೀಪ ನೋಡಿ. 1884ರ ಸುಮಾರಿಗೆ ಅಲ್ಲಿ ರಗ್ಬಿ ಆಡಿದ ಮೊದಲಿಗರು ಸೈನಿಕರು, ಯುರೋಪಿಯನ್ನರೂ ಫಿಜಿಯವರೂ ಒಟ್ಟಿಗೆ. ಊರೂರಿನ ಹುಡುಗರು ಆಟ ಎತ್ತಿಕೊಂಡರು. 10 ಲಕ್ಷ ಜನಸಂಖ್ಯೆಯೂ ಇಲ್ಲದ ಆ ದೇಶ 2016ರ ಒಲಿಂಪಿಕ್ಸ್ ಸೆವೆನ್ಸ್ ಫೈನಲ್‌ನಲ್ಲಿ ಬ್ರಿಟನ್ನನ್ನು 43-7ರಿಂದ ಸೋಲಿಸಿ ತನ್ನ ಮೊದಲ ಚಿನ್ನ ಗೆದ್ದಿತು. ಅದೇ ಫಿಜಿಯಲ್ಲಿ ಹುಟ್ಟಿ ಬ್ರಿಟಿಷ್ ಸೇನೆ ಸೇರಿದ ಸೆಮೆಸಾ ರೊಕೊಡುಗುನಿ ಅಫ್ಘಾನಿಸ್ತಾನದಲ್ಲಿ ಸೇವೆ ಮಾಡಿದವರು. ಬಾತ್ ನಗರದ ಕ್ಲಬ್ಬು ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. 2014ರಲ್ಲಿ ಅವರು ಇಂಗ್ಲೆಂಡ್ ಪರ ಆಡಿದಾಗಲೂ ಸೈನಿಕರೇ. ಯೋಧನಿಗೆ ಕ್ಲಬ್ಬು ಬಾಗಿಲು ತೆರೆದರೆ ಏನಾಗಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಅಪ್ಪ ಅಮ್ಮಂದಿರು ಕೇಳುವ ಎರಡು ಪ್ರಶ್ನೆಗೆ ನೇರ ಉತ್ತರ ಇರಲಿ. ಏಟಾಗಲ್ವಾ? ಆಗುತ್ತೆ. ರಗ್ಬಿ ಮೈಗೆ ಮೈ ತಾಗುವ ಆಟ, ಸುಳ್ಳು ಹೇಳಬಾರದು. ಆದ್ದರಿಂದಲೇ ಮಕ್ಕಳಿಗೆ ಮೊದಲ ವರ್ಷ ಮುಟ್ಟಾಟದ ರಗ್ಬಿ ಸಾಕು, ಹಿಡಿದು ಕೆಡವೋದು ಬೇಡ. ದೊಡ್ಡವರಿಗೂ ಭುಜದಿಂದ ಮೇಲೆ ಕೈ ಹಾಕಿದರೆ ಫೌಲ್. ತಲೆಗೆ ಏಟು ಬಿದ್ದ ಅನುಮಾನ ಬಂದರೂ ಸಾಕು, ಹೊರಗೆ ಕೂರಿಸಿ, ವೈದ್ಯರಿಗೆ ತೋರಿಸಿ, ಆ ದಿನ ಮತ್ತೆ ಇಳಿಸಬೇಡಿ. ಇಲ್ಲಿ ಸೈನಿಕ ಕೋಚ್‌ಗಳಿಗೆ ನನ್ನ ವಿನಂತಿ ಒಂದಿದೆ. ನೋವು ನುಂಗಿಕೊಂಡು ಮುಂದೆ ನುಗ್ಗೋದು ಗಡಿಯಲ್ಲಿ ಗುಣ. ಕಾಲೇಜು ಹುಡುಗನ ತಲೆ ತಿರುಗುತ್ತಿರುವಾಗ ಅದು ಗುಣ ಅಲ್ಲ. ತರಬೇತುದಾರರಿಗೆ, ರೆಫರಿಗಳಿಗೆ ಈ ಸುರಕ್ಷತೆಯ ಪಾಠಗಳನ್ನು ವರ್ಲ್ಡ್ ರಗ್ಬಿ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಅದನ್ನು ಮುಗಿಸದವರ ಕೈಗೆ ಸೀಟಿ ಕೊಡಬೇಡಿ.

ಎರಡನೇ ಪ್ರಶ್ನೆ, ಆಡಿದರೆ ಕೆಲಸ ಸಿಗುತ್ತಾ? ಈ ಆಸೆ ತೋರಿಸಿ ಹುಡುಗರನ್ನು ಕರೆಯಬೇಡಿ. ಒಬ್ಬಿಬ್ಬರಿಗೆ ಸಿಗಬಹುದು, ಎಲ್ಲರಿಗೂ ಸಿಗಲ್ಲ. ಸಿಗುವುದು ಬೇರೆ. ಭರ್ತಿ ರ್‍ಯಾಲಿಗೆ ಓಡುತ್ತಿರುವ ಹುಡುಗನಿಗೆ ಅಲ್ಲಿಗೆ ಹೋಗಿಬಂದ ಅಣ್ಣನೊಬ್ಬ ಸಿಗುತ್ತಾನೆ. ವಾಪಸ್ ಬಂದ ಅಣ್ಣನಿಗೆ ತನ್ನನ್ನು ಕಾಯುವ ಹನ್ನೆರಡು ಜನ ಸಿಗುತ್ತಾರೆ. ಇಬ್ಬರಿಗೂ ಇದು ಲಾಭವೇ.

ಕೊನೆಗೆ ಮತ್ತೆ ಕೋಲ್ಕತ್ತಾ. ಆ ಊರಲ್ಲಿ ರಗ್ಬಿ ಇವತ್ತು ಇದೆಯಾ? ಇದೆ. ಬ್ರಿಟಿಷ್ ರಾಜತಾಂತ್ರಿಕರಾಗಿ ಬಂದಿದ್ದ ಪಾಲ್ ವಾಲ್ಶ್ ಅಲ್ಲಿಯ ಮೈದಾನದಲ್ಲಿ ಬಡ ಹುಡುಗರನ್ನು ಸೇರಿಸಿ 2004ರಲ್ಲಿ ಶುರುಮಾಡಿದ ಜಂಗಲ್ ಕ್ರೋಸ್ ಎಂಬ ಕ್ಲಬ್ಬು ಇವತ್ತಿಗೂ ಆಡುತ್ತಿದೆ. ಶುರುಮಾಡಿದವರು ಹೊರಗಿನವರೇ. ಆದರೆ ಈ ಸಲ ಚೆಂಡು ಊರಿನ ಮಕ್ಕಳ ಕೈಯಲ್ಲಿತ್ತು, ಅವರೇ ಆಡಿ, ಬೆಳೆದು, ಚಿಕ್ಕವರಿಗೆ ಕಲಿಸಿದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವೀಕ್ಷಕರೇ, ನಿಮ್ಮ ಊರಿಗೆ ಈ ವರ್ಷ ಸೇವೆ ಮುಗಿಸಿ ಬರುವ ಹುಡುಗ ಯಾರು ಅಂತ ನಿಮಗೆ ಗೊತ್ತಿರುತ್ತೆ. ಅವನು ಬಂದ ಮರುದಿನ ಹಾರ ಹಿಡಿದು ಹೋಗಿ, ಬೇಡ ಅನ್ನಲ್ಲ. ಹಾರದ ಜೊತೆ ಒಂದು ಚೆಂಡೂ ಇರಲಿ. ಭಾನುವಾರ ಬೆಳಗ್ಗೆ ಏಳಕ್ಕೆ ಮೈದಾನಕ್ಕೆ ಬಾ ಅಂತ ಹೇಳಿ. ಅವನು ಬರುವ ಮೊದಲೇ ನಿಮ್ಮ ಹುಡುಗರು ಹತ್ತು ಜನ ಅಲ್ಲಿ ನಿಂತಿರಬೇಕು.